ಮಗಳ ಕೆಮಿಸ್ಟ್ರಿ

ತಾಯಿಫಿನಲ್ಲಿ ಗುಲಾಬಿ ಕೊಯ್ಲಿನ ಕಾಲ. ರಾತ್ರಿ ಊಟಕ್ಕೆ ಕೂತಾಗ ಮಗಳು, "ಅಪ್ಪಾ, ಬಿಕಾಂ ಬೇಡ, ಕೆಮಿಸ್ಟ್ರಿ ಓದ್ತೀನಿ" ಎಂದಳು. ನಾನು ಸಿಎ, ಮನಸ್ಸಿನಲ್ಲೇ ಕೂಡಿಸಿದೆ. ಬಿಎಸ್ಸಿ, ಎಂಎಸ್ಸಿ, ಪಿಎಚ್‌ಡಿ: ಹತ್ತು ವರ್ಷ ಬರೀ ಖರ್ಚು.

ಅವಳು ಸಿ.ಎನ್.ಆರ್. ರಾವ್ ಹೆಸರೆತ್ತಿದಳು. ಬೆಂಗಳೂರಿನ ಹುಡುಗ, ಅಮೆರಿಕದ ಪರ್ಡ್ಯೂನಲ್ಲಿ ಪಿಎಚ್‌ಡಿ ಮಾಡಿ 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದವರು. 1963ರಲ್ಲಿ ಕಾನ್ಪುರದ ಐಐಟಿಗೆ ಹೋದರು. 1976ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಘನಸ್ಥಿತಿ ರಸಾಯನಶಾಸ್ತ್ರಕ್ಕೆಂದೇ ಒಂದು ವಿಭಾಗ ಕಟ್ಟಿದರು. ಲ್ಯಾಂಥನಮ್ ಮತ್ತು ತಾಮ್ರದ ಆಕ್ಸೈಡನ್ನು ಅವರು ಆಗಲೇ ಅಭ್ಯಾಸ ಮಾಡಿದ್ದರು. 1986ರಲ್ಲಿ ಅದೇ ಜಾತಿಯ, ಬೇರಿಯಂ ಬೆರೆತ ವಸ್ತುವಿನಲ್ಲಿ ಜೂರಿಕ್‌ನ ಬೆಡ್ನಾರ್ಜ್ ಮತ್ತು ಮುಲ್ಲರ್ ಅತಿವಾಹಕತೆ ಕಂಡರು; ಮರುವರ್ಷವೇ ಅವರಿಗೆ ನೊಬೆಲ್.

"ನೋಡು, ಇಷ್ಟು ದುಡಿದೂ ನಷ್ಟವೇ" ಎಂದೆ.

"ನಷ್ಟ ಯಾಕೆ? 1987ರಲ್ಲಿ ಅವರ ತಂಡವೂ ಅದೇ ಕೆಲಸಕ್ಕೆ ಇಳಿದಿತ್ತು. 1989ರಲ್ಲಿ ಜಕ್ಕೂರಿನ ನೆಹರು ಕೇಂದ್ರವನ್ನೂ ಶುರು ಮಾಡಿದ್ರು."

ಭಾರತರತ್ನ ಕೈಗೆ ಬಂದದ್ದು 2014ರಲ್ಲಿ. ಮರಳಿ ಐವತ್ತೈದು ವರ್ಷಕ್ಕೆ! ಅಷ್ಟು ದೀರ್ಘಾವಧಿಯ ಠೇವಣಿಯನ್ನು ನಾನು ಯಾವ ಗಿರಾಕಿಗೂ ಸೂಚಿಸಲಾರೆ.

ಹಾಗೆಂದೇ ಬಿಟ್ಟೆ. ಅವಳು ತಟ್ಟೆ ಎತ್ತುತ್ತ, "ಎರಡೇ ವರ್ಷ ಅಂತ ಇಲ್ಲಿಗೆ ಬಂದೆಯಲ್ಲ ಅಪ್ಪಾ, ಆ ಲೆಕ್ಕ ಸರಿಹೋಯ್ತಾ?" ಎಂದಳು.

ಹದಿನಾರು ವರ್ಷವಾಗಿತ್ತು. ಬೆಂಗಳೂರಿನಲ್ಲಿ ಬಿಎಸ್ಸಿ ಫೀಸು ಎಷ್ಟಿದೆ ಎಂದು ಕೇಳಿದೆ.