ಹೊಗೆಯ ಹಿಂದಿನ ಹನಿ

ಫಾಲ್ಗುಣದ ಬಿಸಿಲು ಏರತೊಡಗಿತೆಂದರೆ ನಾಯಕನಹಟ್ಟಿಯ ಬಾಡಿಗೆ ಕಾರಿನವರಿಗೆ ಸುಗ್ಗಿ. ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರಿಗೆ ನೆಂಟರಿಷ್ಟರನ್ನು ಕರೆತರಬೇಕು, ಹರಕೆ ತೀರಿಸಿದವರನ್ನು ಮರಳಿ ಊರು ಮುಟ್ಟಿಸಬೇಕು. ಕೊಬ್ಬರಿ ಸುಡುವ ಹೊಗೆಯ ನಡುವೆ ಹಗಲು ರಾತ್ರಿ ಓಡಾಟ. ಕಾರಿನ ಸಾಲದ ಎಷ್ಟೋ ಕಂತುಗಳು ಆ ಒಂದು ವಾರದಲ್ಲೇ ಹುಟ್ಟಬೇಕು. 2009ರಲ್ಲಿ ತೇರಿಗೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಅಂಥ ಒಬ್ಬ ಚಾಲಕನ ಡೀಸೆಲ್ ಇಂಡಿಕಾ ಮುನಿಸಿಕೊಂಡಿತು.

ಮುಂಜಾನೆ ಸ್ಟಾರ್ಟ್ ಆಗಲು ಹಟ, ಆದರೆ ಬಿಳಿ ಹೊಗೆ. ಆಕ್ಸಿಲರೇಟರ್ ಒತ್ತಿದರೆ ಕರಿ ಹೊಗೆ. ಎಂಜಿನ್ನಿನೊಳಗೆ ಯಾರೋ ಸುತ್ತಿಗೆ ಆಡಿಸಿದಂತೆ ಕಟಕಟ ಸದ್ದು. ಲೀಟರಿಗೆ ಹದಿನೇಳು ಕಿಲೋಮೀಟರ್ ಓಡುತ್ತಿದ್ದ ಗಾಡಿ ಹನ್ನೆರಡಕ್ಕೆ ಇಳಿದಿತ್ತು. ಕಿವಿಗೊಟ್ಟು ಕೇಳಿದ ಮೆಕ್ಯಾನಿಕ್ ಒಬ್ಬ, “ಬೋರ್ ಹೋಗೈತೆ, ಎಂಜಿನ್ ಬಿಚ್ಚಬೇಕು. ಇಪ್ಪತ್ತೈದು ಸಾವಿರ ರೆಡಿ ಮಾಡ್ಕಳಣ್ಣ” ಎಂದುಬಿಟ್ಟ. ಆ ರಾತ್ರಿ ಮನೆಯಾಕೆ ಏನೂ ಮಾತಾಡದೆ ಕಿವಿಯ ಓಲೆ ಬಿಚ್ಚಿ ತಟ್ಟೆಯಲ್ಲಿಟ್ಟಳು. ಅವನಿಗೆ ಊಟ ಸೇರಲಿಲ್ಲ.

ಓಲೆ ಗಿರವಿ ಅಂಗಡಿಗೆ ಹೋಗುವ ಮೊದಲೇ, ಲಾರಿ ಓಡಿಸಿ ನಿವೃತ್ತನಾಗಿದ್ದ ಅವನ ಮಾವ ಅಡ್ಡ ಬಂದ. “ಎಂಜಿನ್‌ಗೆ ಕೈ ಹಾಕೋಕೆ ಮುಂಚೆ ಚಳ್ಳಕೆರೆಗೆ ಹೋಗಿ ನಾಜಲ್ ತೋರ್ಸಪ್ಪ.”

ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಡೀಸೆಲ್ ಎಂಜಿನ್ನಿಗೂ ಶೇಂಗಾ ಎಣ್ಣೆಗೂ ಹಳೆಯ ನಂಟಿದೆ ಎಂಬುದು ಹಲವರಿಗೆ ತಿಳಿಯದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಎಣ್ಣೆ ಯಾವುದಾದರೂ ಅದನ್ನು ಸಿಲಿಂಡರಿನೊಳಗೆ ಮಂಜಿನಂತೆ ಚೆಲ್ಲಬೇಕು. ಆ ಕೆಲಸ ಇಂಜೆಕ್ಟರಿನದು. ಅದರ ತುದಿಯ ಮೂತಿಯೇ ನಾಜಲ್.

ಪಂಪ್ ಸರ್ವಿಸ್ ಅಂಗಡಿಯ ಮೇಸ್ತ್ರಿಗೆ ಅರವತ್ತರ ಹತ್ತಿರದ ವಯಸ್ಸು. ಅವರು ಮೊದಲು ಎಂಜಿನ್ ಚಾಲೂ ಮಾಡಿಸಿ, ಇಂಜೆಕ್ಟರಿನ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿದರು. ಮೂರು ಕಡೆ ಎಂಜಿನ್ ತಡವರಿಸಿತು. ಮೂರನೆಯ ಸಿಲಿಂಡರಿನಲ್ಲಿ ಮಾತ್ರ ಸದ್ದು ಬದಲಾಗಲೇ ಇಲ್ಲ. ಅಂದರೆ ಅದು ದುಡಿಯುತ್ತಲೇ ಇರಲಿಲ್ಲ.

ನಾಲ್ಕನ್ನೂ ಬಿಚ್ಚಿ, ಮಸಿ ತೆಗೆಯಲು ಹಿತ್ತಾಳೆ ಬ್ರಷ್ ಹಿಡಿದರು. ಉಕ್ಕಿನ ಬ್ರಷ್ ತಾಗಿಸಿದರೆ ರಂಧ್ರ ಕೆಡುತ್ತದೆ. ಬಳಿಕ ಒಂದೊಂದನ್ನೇ ಕೈ ಟೆಸ್ಟರಿಗೆ ಸಿಕ್ಕಿಸಿ ಹಿಡಿ ಒತ್ತಿದರು. ಮೀಟರಿನ ಮುಳ್ಳು ನೂರು ಬಾರ್ ದಾಟಿತು. ಅಂದರೆ ಸಾವಿರ ಮೀಟರ್ ಆಳದ ನೀರಿನ ಅಡಿಯಲ್ಲಿರುವಷ್ಟು ಒತ್ತಡ! “ಕೈ ಹತ್ರ ತರಬೇಡಪ್ಪ, ಚರ್ಮ ತೂರಿ ಒಳಗೆ ಹೋಗ್ತೈತೆ” ಎಂದು ಗದರಿದರು. ಮೊದಲನೆಯದು ಕರ್ರ್ ಎಂದು ಸದ್ದು ಮಾಡಿ ಹದವಾದ ಮಂಜು ಉಗುಳಿತು. ಮೂರನೆಯದು ಒತ್ತಡ ಏರುವ ಮೊದಲೇ ತೊಟ್ಟಿಕ್ಕಿತು. ಹಸುಗೂಸಿನ ಜೊಲ್ಲಿನಂತೆ ಒಂದು ಹನಿ, ಮತ್ತೊಂದು ಹನಿ.

ಆ ಹನಿಯಿಂದಲೇ ಅಷ್ಟೂ ಹೊಗೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಪ್ಲಗ್ ಇಲ್ಲ. ಒತ್ತಿ ಕಾದ ಗಾಳಿಯಲ್ಲಿ ಇಂಧನ ತಾನೇ ಹೊತ್ತಿಕೊಳ್ಳಬೇಕು, ಅದೂ ಕಣ್ಣೆವೆ ಮುಚ್ಚುವುದರೊಳಗೆ. ಒಲೆಗೆ ಪುಳ್ಳೆ ಹಾಕಿದರೆ ಭಗ್ಗನೆ ಉರಿಯುತ್ತದೆ, ದಿಮ್ಮಿ ತುರುಕಿದರೆ ಹೊಗೆಯಾಡುತ್ತದೆ. ಮಂಜು ಪುಳ್ಳೆ, ಹನಿ ದಿಮ್ಮಿ.

ಮೇಸ್ತ್ರಿ ಫಿಲ್ಟರ್ ಬಿಚ್ಚಿ ಮೂಸಿ ನೋಡಿದರು. “ಡೀಸೆಲ್ ಎಲ್ಲಿ ಹಾಕ್ತೀಯಪ್ಪ?”

ಚಾಲಕ ನೆಲ ನೋಡಿದ. ಹೆದ್ದಾರಿ ಬದಿಯ ಡಬ್ಬದಲ್ಲಿ ಲೀಟರಿಗೆ ನಾಲ್ಕೈದು ರೂಪಾಯಿ ಕಡಿಮೆಗೆ ಸಿಗುತ್ತಿದ್ದುದನ್ನು ಅವನು ಆರು ತಿಂಗಳಿಂದ ತುಂಬಿಸುತ್ತಿದ್ದ. ಅದರಲ್ಲಿ ಸೀಮೆಎಣ್ಣೆ ಬೆರೆತಿದೆ ಎಂಬ ಅನುಮಾನ ಇರಲಿಲ್ಲವೆಂದಲ್ಲ, ಕೇಳುವ ಗೋಜಿಗೆ ಹೋಗಿರಲಿಲ್ಲ. ನಾಜಲ್ಲಿನ ಸೂಜಿಗೂ ಅದರ ಗೂಡಿಗೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲು ಅದಕ್ಕಿಂತ ಇಪ್ಪತ್ತು ಪಟ್ಟು ದಪ್ಪ. ಆ ಸಂದಿಗೆ ಬೇರೆ ಗ್ರೀಸಿಲ್ಲ, ಡೀಸೆಲ್ಲಿನ ಜಿಡ್ಡೇ ಆಧಾರ. ಸೀಮೆಎಣ್ಣೆಗೆ ಆ ಜಿಡ್ಡಿಲ್ಲ. ಸೂಜಿ ಸವೆಯುತ್ತದೆ. ಸೂಜಿ, ಗೂಡು ಜೊತೆಯಾಗಿಯೇ ಮಸೆದವು. ಒಂದರ ಸೂಜಿ ಇನ್ನೊಂದಕ್ಕೆ ಒಗ್ಗದು.

ಎರಡು ನಾಜಲ್ ಹೊಸದಾದವು. ಉಳಿದೆರಡು ಶುಚಿಯಾಗಿ, ಸ್ಪ್ರಿಂಗಿನ ಕೆಳಗೆ ತೆಳುವಾದ ವಾಷರ್ ಸೇರಿಸಿ ಒತ್ತಡ ಸರಿಪಡಿಸಿಕೊಂಡವು. ಖರ್ಚು, ಎಂಜಿನ್ ಬಿಚ್ಚಲು ಕೇಳಿದ್ದರ ಹತ್ತರಲ್ಲೊಂದು ಪಾಲು.

ಆ ಕಾಲದ ಇಂಥ ಅಂಗಡಿಗಳಲ್ಲಿ ‘ಮೈಕೋ’ ಎಂಬ ಹೆಸರು ಮನೆಮಾತು. 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ‘ಬಾಷ್’ ಎಂದು ಹೆಸರು ಬದಲಿಸಿಕೊಂಡಿತು. ಇಂದಿನ ಕಾಮನ್ ರೈಲ್ ಕಾರುಗಳಲ್ಲಿ ಒತ್ತಡ ಸಾವಿರದ ಆರುನೂರು ಬಾರ್ ದಾಟುತ್ತದೆ. ಅಲ್ಲಿ ಪೈಪು ಸಡಿಲಿಸಿ ನೋಡುವ ಹಳೆಯ ವಿದ್ಯೆ ಪ್ರಾಣಕ್ಕೇ ಸಂಚಕಾರ. ಪರೀಕ್ಷೆಯೆಲ್ಲ ಕಂಪ್ಯೂಟರ್ ಜೋಡಿಸಿದ ಯಂತ್ರದ ಮೇಲೆ. ಪೆಟ್ರೋಲ್ ಕಾರಿನ ಇಂಜೆಕ್ಟರುಗಳನ್ನು ಶ್ರವಣಾತೀತ ತರಂಗಗಳ ತೊಟ್ಟಿಯಲ್ಲಿ ತೊಳೆದು, ಗಾಜಿನ ಕೊಳವೆಗಳಲ್ಲಿ ಇಂಧನ ಅಳೆದು ಹೋಲಿಸುತ್ತಾರೆ. ವಿಧಾನ ಬದಲಾಗಿದ್ದರೂ ಶುದ್ಧ ಇಂಧನ, ಹೊತ್ತಿಗೆ ಸರಿಯಾಗಿ ಹೊಸ ಫಿಲ್ಟರ್, ಬಿಚ್ಚುವ ಮೊದಲು ಪರೀಕ್ಷೆ ಎಂಬ ಪಥ್ಯ ಬದಲಾಗಿಲ್ಲ.

‘ಮಾಡಿದಷ್ಟು ನೀಡು ಭಿಕ್ಷೆ’ ಎಂಬುದು ಹಟ್ಟಿ ತಿಪ್ಪೇಸ್ವಾಮಿಯ ಮಾತು. ಅದನ್ನು ಕಾರಿನ ಹಿಂದಿನ ಗಾಜಿನ ಮೇಲೆ ಬರೆಸಿಕೊಂಡು, ಮುಂದೆ ಡಬ್ಬದ ಎಣ್ಣೆ ಸುರಿಯುತ್ತಿದ್ದುದು ನೆನೆದು ಚಾಲಕನಿಗೆ ನಾಚಿಕೆಯಾಯಿತು. ಮರಳುವಾಗ ಡಬ್ಬದ ಹುಡುಗ ಎಂದಿನಂತೆ ಕೈ ಬೀಸಿದ. ಗಾಡಿ ನಿಲ್ಲಲಿಲ್ಲ. ತೇರಿನ ದಿನ ಜನಜಂಗುಳಿಯ ನಡುವೆ ಬಾಳೆಹಣ್ಣು ಎಸೆಯುತ್ತಿದ್ದ ಮನೆಯಾಕೆಯ ಕಿವಿಯಲ್ಲಿ ಓಲೆ ಇದ್ದವು.