ಕಂಡ ಹುಳ, ಕಾಣದ ಹುಳ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಾವು ನಾಲ್ವರು, ನಾಲ್ಕು ತಾಲ್ಲೂಕು, ಹಾಸ್ಟೆಲ್‌ನಲ್ಲಿ ಒಂದೇ ರೂಮು. ನಾಲ್ವರೂ ಇಂಗ್ಲಿಷ್ ಮೀಡಿಯಂ, ಬಯಾಲಜಿಗೆ ಕೈಮುಗಿದು ಇಂಜಿನಿಯರಿಂಗ್‌ಗೆ ಬಂದವರು. ಆದರೂ ಇಲ್ಲಿ ಹುಳದ ಬಗ್ಗೆ ಬರೀತಿದ್ದೇವೆ. ಯಾಕಂದ್ರೆ ಅದು ನಮ್ಮ ಮನೆಗಳ ಮಾತು.

ನಮ್ಮ ಕಡೆ ಹಿರಿಯರಿಗೆ ನಾರು ಹುಣ್ಣು ಚೆನ್ನಾಗಿ ನೆನಪಿದೆ. ಮೆಟ್ಟಿಲ ಬಾವಿಯ ನೀರಲ್ಲಿ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿ, ಅದರೊಳಗೆ ಮರಿಹುಳ. ಆ ನೀರು ಕುಡಿದರೆ ಸುಮಾರು ಒಂದು ವರ್ಷಕ್ಕೆ ಎರಡು-ಮೂರು ಅಡಿ ಉದ್ದದ ಹುಳ ಕಾಲಿನ ಚರ್ಮ ಸೀಳಿ ಹೊರಬರುತ್ತಿತ್ತು. "ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟ ಎಳೀತಿದ್ರಪಾ, ನಡುವ ಹರೀತಂದ್ರ ಮುಗೀತು" ಅಂತಾರೆ ಆಯಿ. ಬಾವಿಯ ಮೆಟ್ಟಿಲು ಮುಚ್ಚಿದರು, ಬೋರ್‌ವೆಲ್ ಹಾಕಿದರು, ನೀರನ್ನು ಅರಿವಿಯಲ್ಲಿ ಸೋಸಿದರು. ಭಾರತದ ಕೊನೆಯ ಕೇಸು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶ ನಾರು ಹುಣ್ಣಿನಿಂದ ಮುಕ್ತ ಎಂದು ಘೋಷಿಸಿತು. ಪತ್ತೆಗೆ ಲ್ಯಾಬ್ ಬೇಕಾಗಲಿಲ್ಲ. ಹುಳ ತಾನೇ ಕಣ್ಣಿಗೆ ಬೀಳುತ್ತಿತ್ತು.

ಆನೆಕಾಲಿನ ಹುಳ ಹಾಗೆ ಸಿಗೋದಿಲ್ಲ. ಸೊಳ್ಳೆಯಿಂದ ಬಂದು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಅದರ ಮರಿಗಳು ಹೆಚ್ಚಾಗಿ ರಾತ್ರಿಯೇ ರಕ್ತಕ್ಕೆ ಇಳಿಯುತ್ತವೆ. ಹಾಗಾಗಿ ಆರೋಗ್ಯ ಇಲಾಖೆಯವರು ರಾತ್ರಿ ಎಂಟೂವರೆ ಮೇಲೆ ಮನೆಮನೆಗೆ ಹೋಗಿ ರಕ್ತ ತೆಗೀಬೇಕು. ದಿನವಿಡೀ ಹೊಲದಲ್ಲಿ ದುಡಿದು ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚೋದು ಸುಲಭ ಏನ್ರಿ? ನಮ್ಮಲ್ಲೊಬ್ಬನ ದೊಡ್ಡವ್ವ ಸೀರೆಯನ್ನು ಯಾವಾಗಲೂ ಪಾದ ಮುಚ್ಚುವಂತೆ ಉಡುತ್ತಾರೆ, ಜಾತ್ರೆಗೆ ಬರೋದಿಲ್ಲ. ಕಾಲು ಅಷ್ಟು ಬಾತ ಮೇಲೆ ಹುಳ ಸತ್ತರೂ ಕಾಲು ಮೊದಲಿನಂತಾಗೋದಿಲ್ಲ. ಪತ್ತೆ ಅದಕ್ಕೂ ಮೊದಲೇ ಆಗಬೇಕು.

ಈಗ ಹಗಲಲ್ಲೇ ಬೆರಳಿನ ರಕ್ತದಿಂದ ಹುಳದ ಪ್ರೋಟೀನ್ ಗುರುತಿಸುವ ಸ್ಟ್ರಿಪ್ ಇದೆ. ಪಿಸಿಆರ್ ಇನ್ನೂ ಸೂಕ್ಷ್ಮ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನಮಗೆಲ್ಲ ಆ ಹೆಸರು ಗೊತ್ತು. ಹುಳದ ಡಿಎನ್ಎ ತುಣುಕು ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ಲೆಕ್ಕದ ಪ್ರಕಾರ 100 ಕೋಟಿ ದಾಟುತ್ತದೆ. ರಕ್ತದಲ್ಲಷ್ಟೇ ಅಲ್ಲ, ಮೂತ್ರದಲ್ಲೂ ಜೊಲ್ಲಿನಲ್ಲೂ ಸಂಶೋಧಕರು ಈ ಡಿಎನ್ಎ ಪತ್ತೆ ಮಾಡಿದ್ದಾರೆ. 2027ಕ್ಕೆ ಆನೆಕಾಲು ನಿರ್ಮೂಲನೆ ಭಾರತದ ಗುರಿ. ರೋಗ ಕಡಿಮೆಯಾದಷ್ಟೂ ಉಳಿದ ಕೆಲವರನ್ನು ಹುಡುಕೋದು ಕಷ್ಟ; ಸೂಕ್ಷ್ಮ ಪರೀಕ್ಷೆ ಬೇಕಾಗೋದು ಆಗಲೇ.

ತೊಂದರೆ ಏನಂದ್ರೆ, ಪಿಸಿಆರ್ ಯಂತ್ರ ದುಬಾರಿ, ರಾಸಾಯನಿಕಗಳು ತಣ್ಣಗಿರಬೇಕು. ನಮ್ಮೂರಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಕರೆಂಟ್ ಹೋದರೆ ಬರೋದು ಯಾವಾಗಲೋ. ಇದಕ್ಕೆ ಲ್ಯಾಂಪ್ ಅನ್ನೋ ಇನ್ನೊಂದು ವಿಧಾನ ಇದೆ. ಸುಮಾರು 65 ಡಿಗ್ರಿ ಶಾಖವನ್ನು ಒಂದು ಗಂಟೆ ಏರಿಳಿಯದಂತೆ ಹಿಡಿದರೆ ಸಾಕು, ದ್ರವದ ಬಣ್ಣ ಬದಲಾಗಿದ್ದು ಬರಿಗಣ್ಣಿಗೇ ಕಾಣುತ್ತದೆ.

ಒಂದು ಹೀಟರ್, ಒಂದು ಸೆನ್ಸರ್, ಒಂದು ಕಂಟ್ರೋಲರ್, ಒಂದು ಬ್ಯಾಟರಿ. ಬಯಾಲಜಿಯವರ ಪಾಲು ಅವರು ಮಾಡಿದ್ದಾರೆ. ಈ ಡಬ್ಬಿ ನಮ್ಮ ಪಾಲಿನದು. ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕುತ್ತಿರುವ ಗೆಳೆಯರೇ, ನಮ್ಮ ರೂಮಿಗೆ ಬನ್ನಿ. ಚಹಾ ನಮ್ಮದು.