ಮೂರು ಗಂಟೆಯ ಗಾಳಿ

ಬಂಡೀಪುರದಲ್ಲಿ ಬೆಂಕಿ ಕಾವಲಿಗೆ ಸೇರಿದ ಹೊಸದರಲ್ಲಿ ನನ್ನ ಬಳಿ ಇದ್ದದ್ದು ಒಂದು ಮಚ್ಚು, ಒಂದು ನೀರಿನ ಕ್ಯಾನು. ಬೆಂಕಿ ಬಡಿಯುವ ಹಸಿ ಸೊಪ್ಪಿನ ಕೊಂಬೆಯನ್ನು ಅಲ್ಲಲ್ಲೇ ಮುರಿದುಕೊಳ್ಳಬೇಕಿತ್ತು. ಮತ್ತಿ, ದಿಂಡಿಗದ ತರಗಿನ ಮೇಲೆ ಮೊಣಕಾಲೆತ್ತರಕ್ಕೆ ಹರಿದು ಬರುತ್ತಿದ್ದ ಬೆಂಕಿಯನ್ನು ಹತ್ತು ಜನ ಸಾಲಾಗಿ ನಿಂತು ಬಡಿದರೆ ಕತ್ತಲಾಗುವಷ್ಟರಲ್ಲಿ ಆರಿಸಬಹುದಿತ್ತು.

ನನಗೆ ಕೆಲಸ ಕಲಿಸಿದವರು ಸೋಲಿಗರ ಒಬ್ಬ ಅಜ್ಜ. ಅವರು ಬೆಳಿಗ್ಗೆ ಒಂದು ಹಿಡಿ ತರಗು ಎತ್ತಿ ಹಿಸುಕುತ್ತಿದ್ದರು. ಎಲೆ ಬಾಗಿದರೆ ನೆಮ್ಮದಿ, ಪುಡಿಯಾದರೆ ಅಂದು ಬೀಡಿಯನ್ನೂ ಹಚ್ಚುತ್ತಿರಲಿಲ್ಲ. ಹಗಲು ಬಿಸಿಯಾದ ಗಾಳಿ ಇಳಿಜಾರಿನಲ್ಲಿ ಮೇಲೇರುತ್ತದೆ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಬೆಂಕಿಯ ಆರ್ಭಟ ಹೆಚ್ಚು. ರಾತ್ರಿ ಗಾಳಿ ತಂಪಾಗಿ ಕೆಳಗಿಳಿದಾಗ ಬೆಂಕಿ ಮಲಗುತ್ತದೆ. "ಮ್ಯಾಕೆ ಓಡ್‌ಬ್ಯಾಡ ಕನ ಮಗ, ಸುಟ್ಟಿರೋ ನೆಲಕ್ಕೆ ನುಗ್ಗು" ಎನ್ನುತ್ತಿದ್ದರು.

ಬಿಳಿಗಿರಿರಂಗನ ಬೆಟ್ಟದಲ್ಲಿ ಅವರ ಹಿರೀಕರು ಬೇಸಿಗೆ ಬಲಿಯುವ ಮೊದಲೇ 'ತರಗು ಬೆಂಕಿ' ಹಾಕುತ್ತಿದ್ದರಂತೆ. ನೆಲದ ತರಗಷ್ಟೇ ಉರಿದು ಹೊಸ ಹುಲ್ಲು ಚಿಗುರುತ್ತಿತ್ತು, ನೆಲ್ಲಿಮರದ ಬದನಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂಬುದು ಅವರ ಲೆಕ್ಕ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಆ ಬೆಂಕಿ ನಿಂತಿತು. ನಮ್ಮ ಕಡೆ ಉಳಿದದ್ದು ಚಳಿಗಾಲದಲ್ಲಿ ಹುಲ್ಲು ಸವರಿ ಸುಡುವ ಬೆಂಕಿಗೆರೆಗಳು ಮಾತ್ರ.

ನೋಡನೋಡುತ್ತಲೇ ಕಾಡಿನ ಒಳಹೊಟ್ಟೆ ಬದಲಾಯಿತು. ಲಂಟಾನ ಆಳೆತ್ತರ ದಾಟಿ ಮರಗಳಿಗೂ ಹತ್ತಿಕೊಂಡಿತು. ಬಿದಿರು ಹೂ ಬಿಟ್ಟು ಮೆಳೆ ಮೆಳೆಯೇ ಒಣಗಿ ನಿಂತಿತು. ನೆಲದಲ್ಲಿ ಹರಿಯುತ್ತಿದ್ದ ಬೆಂಕಿಗೆ ಈಗ ಏಣಿ ಸಿಕ್ಕಿತ್ತು. ಒಣಬಿದಿರು ಪಟಾಕಿಯಂತೆ ಸಿಡಿದಾಗ ಕಿಡಿ ನಮ್ಮ ಗೆರೆಯನ್ನು ಹಾರಿ ಆಚೆ ಬೀಳುತ್ತಿತ್ತು. 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಗಾರ್ಡ್ ಒಬ್ಬರು ಬೆಂಕಿಗೆ ಸಿಕ್ಕಿ ತೀರಿಕೊಂಡರು. ಅಂದಿನಿಂದ ನಾನು ಕಾವಲಿಗೆ ಹೊರಟಾಗಲೆಲ್ಲ ಹೆಂಡತಿ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಎರಡೇ ವರ್ಷಕ್ಕೆ, 2019ರ ಫೆಬ್ರವರಿ 21ರ ನಂತರ ದೊಡ್ಡ ಬೆಂಕಿಯ ದಿನಗಳು ಬಂದವು. ಹಿಂದಿನ ಮಳೆಗಾಲ ಚೆನ್ನಾಗಿತ್ತು. ಹಾಗಾಗಿ ಹುಲ್ಲು ಎದೆಯೆತ್ತರ ಬೆಳೆದು ಒಣಗಿತ್ತು. ಗೋಪಾಲಸ್ವಾಮಿ ಬೆಟ್ಟದ ಕಡೆ ಬೆಂಕಿ ಏರಿದ್ದನ್ನು ನೋಡಿ ಕೈಯಲ್ಲಿದ್ದ ಕೊಂಬೆಯನ್ನು ಕೆಳಗೆ ಹಾಕಿದೆ. ಹತ್ತಿರ ಹೋಗಲೇ ಆಗದ ಬೆಂಕಿಯನ್ನು ಯಾರು ಬಡಿದಾರು? ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಚೀಲದಲ್ಲಿ ನೀರು ತಂದು ಸುರಿದವು. ಅಷ್ಟರಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಬೂದಿಯಾಗಿತ್ತು. ಬಿಸಿಬೂದಿಯಲ್ಲಿ ನಡೆದು ನನ್ನ ಚಪ್ಪಲಿಯ ಅಟ್ಟೆ ಕರಗಿ ಅಂಟಿತ್ತು.

ಈಗ ಉಪಗ್ರಹ ಬೆಂಕಿಯನ್ನು ಕಂಡು ಫೋನಿಗೆ ಸಂದೇಶ ಕಳಿಸುತ್ತದೆ. ದೂರದ ಗುಡ್ಡದ ಬೆಂಕಿಯೂ ಗೊತ್ತಾಗುವುದು ದೊಡ್ಡ ಅನುಕೂಲವೇ. ಆದರೆ ಅದು ಕಾಡಿನ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ. ಆ ನಡುವೆ ಗಾಳಿ ಯಾವ ಕಣಿವೆಗೆ ತಿರುಗಿತು ಎಂಬುದು ಅಲ್ಲಿ ನಿಂತವನ ಕೆನ್ನೆಗೇ ತಿಳಿಯಬೇಕು.

ನಾನು ಕೆಲಸ ಬಿಟ್ಟಾಯಿತು. ಆದರೂ ಬೇಸಿಗೆ ಬಂದರೆ ಹಿತ್ತಲಿನ ತರಗು ಎತ್ತಿ ಹಿಸುಕುತ್ತೇನೆ. ಪುಡಿಯಾದ ದಿನ ಊಟ ಮುಗಿಸಿ ಬೆಟ್ಟದ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂರುತ್ತೇನೆ, ಗಾಳಿ ಇಳಿಯುವ ತನಕ.